ಹುಳ ಸತ್ತಿಲ್ಲ!

ನಮ್ಮ ಸೋದರಮಾವನ ಪ್ರಕಾರ ಈ ಭೂಮಿಯ ಮೇಲೆ ಸರಿಯಾಗಿ ಬಿಸಿಯಾಗಿರುವ ವಸ್ತು ಒಂದೂ ಇಲ್ಲ. ಸೂರ್ಯನೂ ಸೇರಿ! ನಗಬೇಡಿ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಮುಂದೆ ಟಾರು ಕರಗಿ ಜನರ ಚಪ್ಪಲಿ ಅಂಟಿಕೊಳ್ಳುತ್ತಿರುವಾಗ, ಈ ಮಹಾನುಭಾವರು ಅಂಗೈಯನ್ನು ಆಕಾಶಕ್ಕೆ ಒಡ್ಡಿ, ಒಂದು ಕ್ಷಣ ಹಿಡಿದು, ತುಟಿ ಸೊಟ್ಟ ಮಾಡಿ, "ಹುಳ ಸತ್ತಿಲ್ಲ" ಎಂದು ತೀರ್ಪು ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಕ್ಕದಲ್ಲಿ ಸೌತೇಕಾಯಿ ಮಾರುತ್ತಿದ್ದ ಹೆಂಗಸು ತನ್ನ ಸೌತೇಕಾಯಿಯಲ್ಲಿ ಹುಳ ಇದೆ ಎಂದರೋ ಏನೋ ಎಂದು ಜಗಳಕ್ಕೇ ಬಂದಳು. ಆಕೆಯನ್ನು ಸಮಾಧಾನ ಮಾಡಲು ನಾನು ನಾಲ್ಕು ಸೌತೇಕಾಯಿ ತಿನ್ನಬೇಕಾಯಿತು.

ಈ ಹುಳದ ಕಥೆ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಮಾವ ಮೂವತ್ತೈದು ವರ್ಷ ಚನ್ನಪಟ್ಟಣದ ಒಬ್ಬ ಸಾಹೇಬರ ರೇಷ್ಮೆ ಫಿಲೇಚರಿನಲ್ಲಿ ದುಡಿದವರು. ಅಲ್ಲಿ ಗೂಡಿನಿಂದ ನೂಲು ಬಿಚ್ಚುತ್ತಾರೆ. ಆದರೆ ಗೂಡಿನೊಳಗಿನ ಹುಳ ಚಿಟ್ಟೆಯಾಗಿ ತೂತು ಕೊರೆದು ಹೊರಗೆ ಬಂದುಬಿಟ್ಟರೆ ನೂಲು ತುಂಡು ತುಂಡಾಗಿ ಗೂಡು ಹಾಳಾಯಿತು. ಅದಕ್ಕೇ ಮಾರುಕಟ್ಟೆಯಿಂದ ತಂದ ಗೂಡನ್ನು ಬುಟ್ಟಿಗಳಲ್ಲಿ ತುಂಬಿ ಮೊದಲು ಬಿಸಿ ಕೋಣೆಯೊಳಗೆ ಇಡುತ್ತಾರೆ. ಆ ಕೋಣೆಯ ಯಜಮಾನಿಕೆ ನಮ್ಮ ಮಾವನದು. ಹೊತ್ತಾದ ಮೇಲೆ ಬುಟ್ಟಿಯಿಂದ ಒಂದು ಗೂಡು ತೆಗೆದು, ಕೊಯ್ದು, ಒಳಗಿನ ಹುಳವನ್ನು ಬೆರಳಲ್ಲಿ ಮುಟ್ಟಿ ನೋಡುವುದು. ಅಲ್ಲಾಡಿತೋ, "ಹುಳ ಸತ್ತಿಲ್ಲ!" ಎಂದು ಕೂಗಿ ಬುಟ್ಟಿಯನ್ನು ಮತ್ತೆ ಒಳಕ್ಕೆ ತಳ್ಳುವುದು. ಅಂದರೆ ಬಿಸಿ ಸಾಲದು ಎಂದು ಅರ್ಥ. ಮಾವ ಕೆಲಸ ಬಿಟ್ಟು ಹತ್ತು ವರ್ಷವಾಯಿತು. ಮಾತು ಮಾತ್ರ ಇನ್ನೂ ರಿಟೈರ್ ಆಗಿಲ್ಲ.

ಹೋಟೆಲಿಗೆ ಕರೆದುಕೊಂಡು ಹೋದಿರಾ, ಮುಗಿಯಿತು ನಿಮ್ಮ ಮರ್ಯಾದೆ! ಕಾಫಿ ಬಂದ ಕೂಡಲೇ ಜನ ಏನು ಮಾಡುತ್ತಾರೆ? ಕುಡಿಯುತ್ತಾರೆ. ನಮ್ಮ ಮಾವ ಕಿರುಬೆರಳನ್ನು ಲೋಟದೊಳಕ್ಕೆ ಅದ್ದುತ್ತಾರೆ. ಗೆಣ್ಣಿನವರೆಗೆ! ಹಾಗೇ ಕಣ್ಣು ಮುಚ್ಚಿ ಯೋಚಿಸುತ್ತಾರೆ. ಆಮೇಲೆ ಸಪ್ಲೈಯರನ್ನು ಕರೆದು, "ತಕ್ಕೊಂಡೋಗಪ್ಪ, ಹುಳ ಸತ್ತಿಲ್ಲ" ಎನ್ನುತ್ತಾರೆ. ಒಮ್ಮೆ ಹೀಗೇ ಆಗಿ ಕ್ಯಾಷಿನಲ್ಲಿ ಕೂತಿದ್ದವರು ಗಾಬರಿಯಿಂದ ಎದ್ದು ಬಂದು, ಮೂರು ಲೋಟ ಕಾಫಿಯನ್ನು ಸೋಸುವ ಬಟ್ಟೆಯಲ್ಲಿ ಸೋಸಿ ಹುಳ ಹುಡುಕಿದರು. ಸರಿ, ಅವರ ಲೋಟಕ್ಕೆ ಅವರು ಬೆರಳು ಹಾಕಲಿ, ಬೇಡ ಅನ್ನುವುದಿಲ್ಲ. ನನ್ನ ಲೋಟಕ್ಕೂ ಹಾಕಬೇಕೇ? "ನಿಂದ್ ಎಂಗೈತೆ ನೋಡ್ತೀನಿ ತಡೀಲಾ" ಎಂದು ಅದೇ ಬೆರಳು! ಅಂದಿನಿಂದ ನಾನು ಅವರ ಜೊತೆ ಹೋದರೆ ಎಳನೀರು ಬಿಟ್ಟು ಬೇರೇನೂ ಕುಡಿಯುವುದಿಲ್ಲ.

ಇದೆಲ್ಲ ಹೋಗಲಿ, ಸಹಿಸಿಕೊಂಡೆ. ಗೀಸರಿನ ವಿಷಯ ಮಾತ್ರ ಎಷ್ಟು ಜನ್ಮವಾದರೂ ಮರೆಯುವುದಿಲ್ಲ. ನಾನು ಚನ್ನಪಟ್ಟಣದಲ್ಲಿ ಗೀಸರು, ಮಿಕ್ಸಿ, ಫ್ಯಾನು ಮಾರುವ ಅಂಗಡಿ ಇಟ್ಟವನು. ನಾಲ್ಕು ವರ್ಷದ ಹಿಂದೆ, ಮಾವನ ಹೆಂಡತಿ, ನಮ್ಮ ಅತ್ತೆ, ಸೌದೆ ಒಲೆ ಊದಿ ಊದಿ ಕೆಮ್ಮುವುದನ್ನು ನೋಡಲಾಗದೆ, ಅಂಗಡಿಯಲ್ಲಿದ್ದ ಒಳ್ಳೇ ಗೀಸರನ್ನೇ ತೆಗೆದುಕೊಂಡು ಹೋಗಿ ಅವರ ಬಚ್ಚಲಿಗೆ ನಾನೇ ಕೈಯಾರೆ ಹಾಕಿಕೊಟ್ಟೆ. ಮಾವ ನಲ್ಲಿಯ ಕೆಳಗೆ ಕೈ ಒಡ್ಡಿದರು. ನಾನು ಹೊಗಳಿಕೆಗಾಗಿ ಕಾದೆ.

"ಹುಳ ಸತ್ತಿಲ್ಲ."

ಗುಂಡಿ ಪೂರ್ತಿ ತಿರುಗಿಸಿದೆ. ಇಪ್ಪತ್ತು ನಿಮಿಷ ಕಾಯಿಸಿದೆ. ನಲ್ಲಿ ಬಿಟ್ಟರೆ ಹಬೆಯೆದ್ದು ಕನ್ನಡಿ ಮಂಜಾಯಿತು. ಈ ಮನುಷ್ಯರು ಅದರ ಕೆಳಗೆ ನಿರಾಳವಾಗಿ ಕೈ ಹಿಡಿದುಕೊಂಡು, "ಲೇ, ಇದು ನೀರ್ ಕಾಯ್ಸಲ್ಲ ಕಣ್ಲಾ. ನೀರ್ಗೆ ಸಮಾಧಾನ ಹೇಳ್ತೈತೆ" ಎಂದರು! ಅಷ್ಟಕ್ಕೇ ಬಿಟ್ಟರೇ? ಮಾರನೆಯ ದಿನ ನನ್ನ ಅಂಗಡಿಗೇ ಬಂದು ಕುರ್ಚಿ ಹಾಕಿಕೊಂಡು ಕೂತರು. ಮೊಗೇನಹಳ್ಳಿ ಕಡೆಯ ಒಬ್ಬ ಗಿರಾಕಿ ಮಗಳ ಮದುವೆಗೆ ಗೀಸರು ನೋಡುತ್ತಿದ್ದರೆ, ಇವರು ಹಿಂದಿನಿಂದ, "ಮದ್ವೆಗಾ? ಹಂಡೆ ಕೊಡ್ಸಪ್ಪ. ಇದ್ರಲ್ಲಿ ಹುಳ ಸಾಯಕ್ಕಿಲ್ಲ" ಎಂದರು. ಗಿರಾಕಿ ಮುಖ ಹುಳ್ಳಗೆ ಮಾಡಿಕೊಂಡು ಎದುರಿನ ಅಂಗಡಿಗೆ ಹೋದ. ಸ್ವಂತ ತಾಯಿಯ ತಮ್ಮ! ಹೇಳಿ, ಯಾರ ಹತ್ತಿರ ಹೇಳಿಕೊಳ್ಳಲಿ?

ಆದರೆ ಮಾವನ ಮನೆಯಲ್ಲೇ ಇನ್ನೊಂದು ತಮಾಷೆ ನೋಡಿದೆ. ಮಾವ ಸ್ನಾನಕ್ಕೆ ಹೋಗುವ ಮೊದಲು ಬಕೆಟ್ ತುಂಬ ಬಿಸಿನೀರು ಬಿಟ್ಟುಕೊಂಡು ಟವೆಲ್ಲು ತರಲು ಒಳಗೆ ಹೋಗುತ್ತಾರೆ. ಆ ಹೊತ್ತಿಗೆ ಅತ್ತೆ ಕಳ್ಳಹೆಜ್ಜೆಯಲ್ಲಿ ಬಂದು ಆ ಬಕೆಟ್ಟಿಗೆ ನಾಲ್ಕು ಚೊಂಬು ತಣ್ಣೀರು ಸುರಿದು, ಏನೂ ಅರಿಯದವರ ಹಾಗೆ ತೊಟ್ಟಿಯ ಹತ್ತಿರ ನಿಂತುಕೊಳ್ಳುತ್ತಾರೆ. ಮಾವ ಬಂದು ಸ್ನಾನ ಮಾಡಿ, "ಹುಳ ಸತ್ತಿಲ್ಲ, ಏನೋ ಮೈಗ್ ನಡೀತದೆ" ಎಂದು ಗೊಣಗುತ್ತ ಹೊರಗೆ ಬರುತ್ತಾರೆ. ನಾನು ನಕ್ಕು ನಕ್ಕು ಸತ್ತೆ. ನಲವತ್ತು ವರ್ಷ ಇಂಥವರ ಜೊತೆ ಬಾಳಿದ ಹೆಂಗಸು ಸೇಡು ತೀರಿಸಿಕೊಳ್ಳಲು ಇಷ್ಟಾದರೂ ಮಾಡಬೇಡವೇ ಅಂದುಕೊಂಡೆ.

ಇವರಿಗೆ ಥರ್ಮಾಮೀಟರ್ ಕಂಡರೆ ಆಗುವುದಿಲ್ಲ. ನನ್ನ ಮಗಳಿಗೆ ಜ್ವರ ಬಂದಾಗ ಬಾಗಿ ತಮ್ಮ ಕೆನ್ನೆಯನ್ನು ಮಗುವಿನ ಹಣೆಗೆ ಒತ್ತಿದರು. ಮೂರು ದಿನದ ಗಡ್ಡ! ಮಗು ಚೀರಿಕೊಂಡಿತು. "ಕೈ ಇಟ್ಟು ನೋಡಬಾರದಾ ಮಾವ?" ಎಂದರೆ, "ಜ್ವರ ನೋಡಾದು ಕೆನ್ನೇಲೇ ಕಣ್ಲಾ, ನಿಂಗ್ ಗೊತ್ತಿಲ್ಲ ಸುಮ್ಕಿರು" ಎಂದು ನನ್ನನ್ನೇ ಗದರಿಸಿದರು. ಇಂಥವರನ್ನು ಕಟ್ಟಿಕೊಂಡು ನಾನು ಸೌನಾಕ್ಕೆ ಹೋದೆ ಎಂದರೆ ನನ್ನ ಬುದ್ಧಿಗೆ ಏನನ್ನಬೇಕು!

ಹೋಗಲೇಬೇಕಾಗಿ ಬಂತು, ಅತ್ತೆಗೋಸ್ಕರ. ಅತ್ತೆಯೂ ಅದೇ ಫಿಲೇಚರಿನವರು. ಮಾವ ಬಿಸಿ ಕೋಣೆಯ ಬಾಗಿಲಲ್ಲಿ, ಅತ್ತೆ ಬೇಸಿನ್ನಿನ ಮುಂದೆ. ಕುದಿಯುವ ನೀರಿನಲ್ಲಿ ತೇಲುವ ಗೂಡುಗಳ ಎಳೆ ಹುಡುಕುತ್ತ ಮೂವತ್ತು ವರ್ಷ ಆ ನೀರಿಗೆ ಬೆರಳು ಅದ್ದಿದವರು. ಆ ಬೆರಳುಗಳು ಈಗ ಬೆಳಿಗ್ಗೆ ಎದ್ದರೆ ಮಡಚಿಕೊಂಡೇ ಇರುತ್ತವೆ. ಕಾಫಿ ಲೋಟವನ್ನು ಎರಡು ಮುಷ್ಟಿಯ ನಡುವೆ ಒತ್ತಿ ಹಿಡಿದು ಕುಡಿಯುತ್ತಾರೆ. ಜೊತೆಗೆ ಆ ಹಬೆಯಿಂದಲೇ ಹತ್ತಿದ ಉಬ್ಬಸ. ಮಾಗಡಿಯಲ್ಲಿ ನರ್ಸ್ ಆಗಿರುವ ಅವರ ಮಗಳು ಒಂದು ದಿನ ಫೋನಿನಲ್ಲಿ ಸೌನಾದ ವಿಡಿಯೋ ತೋರಿಸಿದಳಂತೆ: ಮರದ ಕೋಣೆ, ಕಾದ ಕಲ್ಲು, ಜನ ಸುಮ್ಮನೆ ಕೂತು ಬೆವರುತ್ತಿದ್ದಾರೆ. ಕೀಲು ಸಡಿಲವಾಗುತ್ತದೆ ಎಂದಳಂತೆ. ಅತ್ತೆ ಅದನ್ನು ಮೂರು ಸಲ ಹಾಕಿಸಿಕೊಂಡು ನೋಡಿದರು.

"ಒಂದ್ಸತಿ ಅಲ್ಲಿ ಕುಂತ್ ನೋಡ್ಬೇಕು ಕಣಪ್ಪ" ಎಂದರು ನನ್ನ ಹತ್ತಿರ. "ಬಿಸೀಲಿ ಬರೀ ಕುಂತಿರಾದು. ಕ್ಯಾಮೆ ಇಲ್ದೆ."

ಈ ಹೆಂಗಸು ಇದುವರೆಗೆ ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ. ಅವರ ಮಗಳು ಡಾಕ್ಟರನ್ನು ಕೇಳಿದಳು. ಬಿಸಿ ಒಳ್ಳೆಯದೇ, ಆದರೆ ಉಬ್ಬಸ ಇರುವುದರಿಂದ ಮೊದಲ ಸಲ ಐದೇ ನಿಮಿಷ, ಉಸಿರು ಕಟ್ಟಿದ ಹಾಗಾದರೆ ತಕ್ಷಣ ಎದ್ದು ಬರಬೇಕು ಎಂದರಂತೆ. ಅವಳು ರಾಮನಗರದಿಂದ ಕನಕಪುರದ ಕಡೆ ಹೋಗುವ ರಸ್ತೆಯಲ್ಲಿ, ಬಂಡೆಗಳ ನಡುವೆ ಇರುವ ಒಂದು ರೆಸಾರ್ಟಿನಲ್ಲಿ ಒಂದು ದಿನಕ್ಕೆ ಬುಕ್ ಮಾಡಿಯೇ ಬಿಟ್ಟಳು. ಮಾವನಿಗೆ ವಿಷಯ ತಿಳಿಯಿತು. ಮನೆ ಎರಡಾಯಿತು!

"ಮೂವತ್ತೈದ್ ವರ್ಸ ಹುಳುಗಳ್ನ ಆ ರೂಮ್ಗೆ ಹಾಕಿವ್ನಿ ಕಣ್ಲಾ! ಈಗ ಹೆಂಡ್ರುನ್ನ ಹಾಕ್ಬೇಕಾ?"

"ಮಾವ, ಅದು ಬೇರೆ, ಇದು ಬೇರೆ."

"ಏನ್ಲಾ ಬೇರೆ? ಬಾಗ್ಲು ಒಂದೇ, ಬಿಸಿ ಒಂದೇ. ಅಲ್ಲಿ ಬುಟ್ಟೀಲ್ ಮಡಗ್ತಿದ್ವಿ, ಇಲ್ಲಿ ಬೆಂಚ್ ಮೇಲ್ ಮಡಗ್ತಾರೆ."

ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ, "ಬತ್ತೀನಿ. ಆದ್ರೆ ಮೊದ್ಲು ನಾನು ಒಳೀಕ್ ಹೋಗಾದು" ಎಂದು ಷರತ್ತು ಹಾಕಿದರು. ಕೇಳಿದಿರಾ? ಬೇಡ ಬೇಡ ಎಂದು ಕುಣಿದವರಿಗೆ ಈಗ ಮೊದಲ ಪಾಲು ಬೇಕು! ಅತ್ತೆಯ ಆಸೆಗೆ ಇವರು ಕಲ್ಲು ಹಾಕದಂತೆ ಕಾಯುವುದು ನನ್ನ ಜವಾಬ್ದಾರಿ ಎಂದು ಅವರ ಮಗಳು ನನ್ನಿಂದ ಮಾತು ತೆಗೆದುಕೊಂಡಳು.

ಹೋಗುವ ದಿನ ರಾಮನಗರದ ಗೂಡಿನ ಮಾರುಕಟ್ಟೆ ಬರುತ್ತಲೇ, "ನಿಲ್ಸು, ಒಸಿ ಕ್ಯಾಮೆ ಐತೆ" ಎಂದು ಕಾರಿನಿಂದ ಇಳಿದು ಹೋದರು. ಕಾಲು ಗಂಟೆಯ ಮೇಲೆ ಜೇಬು ಉಬ್ಬಿಸಿಕೊಂಡು ಬಂದರು. ಕಡ್ಲೆಕಾಯಿ ಇರಬೇಕು ಅಂದುಕೊಂಡೆ. ಅಂದುಕೊಂಡದ್ದೇ ನನ್ನ ತಪ್ಪು.

ರೆಸಾರ್ಟಿನಲ್ಲಿ ಸೌನಾ ನೋಡಿಕೊಳ್ಳುವವರು ಐವತ್ತರ ಆಸುಪಾಸಿನ, ಮೀಸೆ ತಿರುವಿದ ಮನುಷ್ಯ. ಬಿಳಿ ಯೂನಿಫಾರ್ಮು ಹಾಕಿಕೊಂಡು, ಕೈ ಕಟ್ಟಿಕೊಂಡು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದರು. "ಸರ್, ವೆಲ್‌ಕಮ್. ಮೊದಲ ಸಲ ಸೌನಾಕ್ಕೆ ಬರುವವರು ಕೆಲವು ವಿಷಯ ತಿಳಿದುಕೊಳ್ಳಬೇಕು. ಒಂದು, ಹೊಟ್ಟೆ ತುಂಬ ಊಟ ಮಾಡಿ ಬರಬಾರದು."

"ಮುದ್ದೆ ಉಣ್ಕಂಡ್ ಬಂದಿವ್ನಿ" ಎಂದರು ಮಾವ.

"ಎಷ್ಟು ಹೊತ್ತಾಯಿತು ಸರ್?"

"ಹೊತ್ತಲ್ಲಪ್ಪ. ಎಷ್ಟು ಮುದ್ದೆ ಅಂತ ಕೇಳು. ಎರಡು."

ಅವರು ಉಗುಳು ನುಂಗಿ ಎರಡನೆಯ ವಿಷಯಕ್ಕೆ ಬಂದರು. ಮೈಮೇಲೆ ಲೋಹದ್ದು ಏನೂ ಇರಬಾರದು, ಕಾದು ಚರ್ಮ ಸುಡುತ್ತದೆ. ಮಾವ ಉಂಗುರ ಬಿಚ್ಚಿದರು. ವಾಚು ಬಿಚ್ಚಿದರು. ಉಡಿದಾರಕ್ಕೆ ಕಟ್ಟಿದ್ದ ಬೆಳ್ಳಿ ತಾಯಿತದ ಹತ್ತಿರ ಬಂದಾಗ ಮಾತ್ರ, "ಇದ್ನ ನಮ್ಮವ್ವ ಕಟ್ಟಿರಾದು. ಸುಟ್ರೆ ಸುಡ್ಲಿ" ಎಂದು ಹಟ ಹಿಡಿದರು. ಕೊನೆಗೆ ಒದ್ದೆ ಬಟ್ಟೆ ಸುತ್ತಿ ಅದನ್ನು ಹಾಗೇ ಬಿಡುವುದೆಂದು ರಾಜಿಯಾಯಿತು. ಮೂರನೆಯದು, ಒಳಗೆ ಹೋಗುವ ಮೊದಲು ಸ್ನಾನ ಮಾಡಬೇಕು, ಬಂದ ಮೇಲೂ ಮಾಡಬೇಕು.

"ಬೆವ್ರಕ್ ಮುಂಚೆ ಒಂದು, ಬೆವ್ರುದ್ ಮೇಲೊಂದು! ಬೆವ್ರುನ್ನೇ ಬುಟ್ಬುಟ್ರೆ ಒಂದರಾಗೇ ಮುಗೀತಿತ್ತಲ್ಲಪ್ಪ!"

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅತ್ತೆ ಆ ಕಡೆ ಬೆತ್ತದ ಕುರ್ಚಿಯಲ್ಲಿ, ಹಳೇ ನೂಲಿನ ಸೀರೆಯುಟ್ಟು, ಬಳೆ ಕಿವಿಯೋಲೆ ಎಲ್ಲ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿಕೊಂಡು, ಮೊದಲೇ ಸಿದ್ಧವಾಗಿ ಕೂತಿದ್ದರು. ಗಾಜಿನ ಬಾಗಿಲನ್ನೇ ನೋಡುತ್ತಿದ್ದರು. "ಅತ್ತೆ, ನೀವು ಮೊದಲು ಹೋಗಿ" ಎಂದೆ ನಾನು, ಬೇಕೆಂದೇ ಜೋರಾಗಿ. "ಇವ್ರು ಹೋಗ್ ಬರ್ಲಿ ಬುಡಪ್ಪ" ಎಂದು ಅವರು ಮಡಚಿದ ಬೆರಳುಗಳನ್ನು ಸೆರಗಿನೊಳಗೆ ಇಟ್ಟುಕೊಂಡರು. ನನಗೆ ರಕ್ತ ಕುದಿಯಿತು.

ನಾನೂ ಮಾವನೂ ಟವೆಲ್ಲು ಸುತ್ತಿಕೊಂಡು ಒಳಗೆ ಹೋದೆವು. ಮೊದಲ ಸಲ ಹೋಗುವವರಿಗೆ ಏನಾಗುತ್ತದೆ ಎಂದು ಆ ಮನುಷ್ಯ ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ, ಕೇಳಿ. ಮೊದಲು ಮೂಗು ಉರಿಯುತ್ತದೆ. ಉಸಿರು ಎಳೆದುಕೊಂಡರೆ ಬಾಣಲೆಯ ಮೇಲೆ ಬಗ್ಗಿ ನಿಂತ ಹಾಗಾಗುತ್ತದೆ. ಆಮೇಲೆ ಕಿವಿಯ ತುದಿ. ಆಮೇಲೆ ಹುಬ್ಬು. ನಿಮಗೆ ಹುಬ್ಬು ಎನ್ನುವುದೊಂದು ಇದೆ ಎಂದು ಆವತ್ತೇ ಗೊತ್ತಾಗುವುದು. ಒಂದು ಹನಿ ಬೆವರಿಲ್ಲ, ಬರೀ ಒಣ ಬಿಸಿ, ಇದೇನಪ್ಪ ಮೋಸ ಅಂದುಕೊಳ್ಳುತ್ತಿರುವಾಗಲೇ ಮೈಯೆಲ್ಲ ನಲ್ಲಿ ಬಿಟ್ಟ ಹಾಗೆ ಸುರಿಯಲು ಶುರುವಾಗುತ್ತದೆ. ಮೂಲೆಯಲ್ಲಿ ಕಲ್ಲು ತುಂಬಿದ ಒಲೆ. ಅದರ ಮೇಲೆ ಒಂದು ಸೌಟು ನೀರು ಹಾಕಿದರೆ ಹಿತವಾಗಿರುತ್ತದೆ ಎಂದಿದ್ದರು. ಹಾಕಿದೆ. ಚುಸ್ಸ್ ಎಂದು ಎದ್ದ ಹಬೆ ನೇರವಾಗಿ ಬಂದು ನನ್ನ ಮುಖಕ್ಕೇ ಹೊಡೆಯಿತು. ಗೀಸರು ಮಾರುವವನಿಗೆ ಈ ಗತಿ!

ಮಾವ ಏನು ಮಾಡುತ್ತಿದ್ದರು? ಕೂತಿರಬಹುದು ಅಂದುಕೊಂಡಿರಾ? ಕೂರಲಿಲ್ಲ. ಮೇಲಿನ ಬೆಂಚಿಗೆ ಹತ್ತಿದರು, ಇಳಿದರು. ಮೂಲೆ ಮೂಲೆಗೆ ಹೋಗಿ ಉದ್ದಕ್ಕೆ ಉಸಿರೆಳೆದರು. ಬಾಗಿಲ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಕೆಳಗಿನ ಸಂದಿಯಲ್ಲಿ ಗಾಳಿ ಆಡುತ್ತದೆಯೇ ಎಂದು ಕೆನ್ನೆ ಒಡ್ಡಿ ನೋಡಿದರು. ಮೇಲಿನ ಬೆಂಚಿನ ಮೇಲೆ ಒಬ್ಬ ದಪ್ಪನೆಯ ದೊಡ್ಡಮನುಷ್ಯರು ಕಣ್ಣು ಮುಚ್ಚಿಕೊಂಡು ಧ್ಯಾನದಲ್ಲಿದ್ದರು. ಅವರ ತಪಸ್ಸು ಕೆಡಬಾರದೆಂದು ನಾನು ಸನ್ನೆಯಲ್ಲೇ ಕೂತುಕೊಳ್ಳಿ ಎಂದೆ. ಮಾವ ಸೊಂಟದ ಟವೆಲ್ಲಿನ ಮಡಿಕೆ ಬಿಚ್ಚಿದರು. ಒಳಗಿಂದ ಕರ್ಚೀಫಿನ ಗಂಟೊಂದು ಬಂತು. ಗಂಟಿನಿಂದ ಬಂದದ್ದು ಕಡ್ಲೆಕಾಯಿಯಲ್ಲ, ಬೆಳ್ಳಗಿನ ಆರು ರೇಷ್ಮೆಗೂಡು!

"ಮಾವ! ಏನಿದು?"

"ಸುಮ್ಕಿರ್ಲಾ."

ಎರಡು ಗೂಡನ್ನು ಮೇಲಿನ ಬೆಂಚಿನ ಮೇಲೆ ಇಟ್ಟರು. ಎರಡನ್ನು ಕೆಳಗಿನ ಬೆಂಚಿನ ನಡುವೆ ಇಟ್ಟರು. ಇನ್ನೆರಡನ್ನು ಕೆಳಗಿನ ಬೆಂಚಿನಲ್ಲೇ, ಬಾಗಿಲಿಗೆ ಹತ್ತಿರವಾಗಿ ಇಟ್ಟರು. ಆಮೇಲೆ ಗೋಡೆಯ ಮರಳಿನ ಗಡಿಯಾರವನ್ನೇ ನೋಡುತ್ತ ನಿಂತರು. ನನಗೆ ಎಲ್ಲ ಅರ್ಥವಾಯಿತು. ನನ್ನ ಗೀಸರಿಗೆ ಮಾಡಿದ್ದನ್ನೇ ಈ ರೆಸಾರ್ಟಿಗೂ ಮಾಡಲು ಹೊರಟಿದ್ದಾರೆ! ಹೊರಗೆ ಹೆಂಡತಿ ಆಸೆಯಿಂದ ಕಾಯುತ್ತಿದ್ದರೆ ಇವರಿಗೆ ಬಿಸಿಯ ಪರೀಕ್ಷೆ! ಅಷ್ಟರಲ್ಲಿ ಮೇಲಿನ ಬೆಂಚಿನವರು ಕಣ್ಣು ಬಿಟ್ಟರು. ಪಕ್ಕದಲ್ಲಿದ್ದ ಗೂಡನ್ನು ಕೈಗೆತ್ತಿಕೊಂಡು ಮೂಸಿದರು.

"ಹರ್ಬಲ್ಲಾ?" ಎಂದರು ಮೃದುವಾಗಿ.

"ಇಲ್ಲ ಬುದ್ದಿ. ಒಳ್ಗೆ ಹುಳ ಐತೆ" ಎಂದರು ಮಾವ. "ಜೀವಂತ ಐತೆ. ಅಲ್ಲೇ ಮಡಗಿ."

ಆ ಶರೀರ ಅಷ್ಟು ಬೇಗ ಬೆಂಚಿನಿಂದ ಇಳಿದು ಬಾಗಿಲು ದಾಟಬಲ್ಲದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಏಳು ನಿಮಿಷ ಆಯಿತು. ಮಾವ ಗೂಡುಗಳನ್ನು ಕಲೆಸದೆ ಜೋಡಿ ಜೋಡಿಯಾಗಿ ಎತ್ತಿಕೊಂಡು ಹೊರಗೆ ಓಡಿದರು. ನಾನು ಹಿಂದೆಯೇ ಓಡಿದೆ. ಹೊರಗೆ ಅವರ ಅಂಗಿಯ ಜೇಬಿನಲ್ಲಿ ಅರ್ಧ ಬ್ಲೇಡು ಬೇರೆ ಸಿದ್ಧವಾಗಿತ್ತು. ಬಾಗಿಲ ಹತ್ತಿರದ ಗೂಡನ್ನು ಕೊಯ್ದು ಕಂದು ಬಣ್ಣದ ಹುಳವನ್ನು ಅಂಗೈಗೆ ಹಾಕಿಕೊಂಡು ಬೆರಳಿನಲ್ಲಿ ಮುಟ್ಟಿದರು. ಅದು ಬಾಲ ಆಡಿಸಿತು. ನಡುವಿನದನ್ನು ಕೊಯ್ದರು, ಅದೂ ಆಡಿಸಿತು. ಮೇಲಿನ ಬೆಂಚಿನದು ಒಂದಿಷ್ಟು ಯೋಚನೆ ಮಾಡಿ, ಆಮೇಲೆ ಆಡಿಸಿತು.

"ಹುಳ ಸತ್ತಿಲ್ಲ!" ಎಂದು ಕೂಗಿದರು ಮಾವ, ಇಡೀ ರೆಸಾರ್ಟಿಗೆ ಕೇಳುವ ಹಾಗೆ. "ಹುಳ ಸತ್ತಿಲ್ಲ ಕಣ್ಲೇ!"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ನಾಲ್ಕು ವರ್ಷ ಒಳಗೇ ಇಟ್ಟುಕೊಂಡಿದ್ದೆಲ್ಲ ಬಾಯಿಗೆ ಬಂತು. "ನಾಚಿಕೆಯಾಗಬೇಕು ಮಾವ ನಿಮಗೆ! ನನ್ನ ಗೀಸರು ಸರಿಯಿಲ್ಲ, ಕಾಫಿ ಸರಿಯಿಲ್ಲ, ಸೂರ್ಯ ಸರಿಯಿಲ್ಲ, ಈಗ ಇದೂ ಸರಿಯಿಲ್ಲ! ಅತ್ತೆ ಜೀವಮಾನದಲ್ಲಿ ಒಂದೇ ಒಂದು ಆಸೆ ಪಟ್ಟರು, ಅದನ್ನೂ ಹಾಳು ಮಾಡಿಬಿಟ್ಟಿರಲ್ಲ! ಟವೆಲ್ಲು ಸುತ್ತಿಕೊಂಡು ನಿಂತಿದ್ದೀರಿ, ಒಸಿನಾದರೂ ಮಾನ ಇದೆಯೇ?" ನಾನೂ ಟವೆಲ್ಲಿನಲ್ಲೇ ಇದ್ದೆ ಎನ್ನುವುದು ಆಮೇಲೆ ನೆನಪಾಯಿತು.

ಮೀಸೆಯವರು ಬಹಳ ನೊಂದುಕೊಂಡರು. "ಸಾರಿ ಸರ್, ಬಿಸಿ ಸಾಲದಿದ್ದರೆ ಈಗಲೇ ಹೆಚ್ಚಿಸುತ್ತೇನೆ" ಎಂದು ಗೋಡೆಯ ಗುಂಡಿಗೆ ಕೈ ಹಾಕಿದರು. ಮಾವ ಹಾರಿ ಬಂದು ಅವರ ಮಣಿಕಟ್ಟು ಹಿಡಿದುಕೊಂಡರು.

"ಮುಟ್ಬ್ಯಾಡ! ಹಿಂಗೇ ಇರ್ಲಿ! ಇಷ್ಟೇ ಇರ್ಲಿ ಕಣಪ್ಪ, ದಮ್ಮಯ್ಯ ಅಂತೀನಿ!"

ಮೀಸೆಯವರು ಮಾವನ ಅಂಗೈಯನ್ನು ನೋಡಿದರು. ಅಲ್ಲಿ ಹುಳ ಇನ್ನೂ ಬಾಲ ಆಡಿಸುತ್ತಿತ್ತು. ಅವರ ಬಾಯಿಪಾಠದ ಭಾಷೆ ಎಲ್ಲಿ ಹೋಯಿತೋ! "ಬಿಳೀ ಗೂಡು ಅಲ್ವಾ ಯಜಮಾನ್ರೇ? ನಮ್ಮೂರು ಇಲ್ಲೇ ಕೂಟಗಲ್ಲು. ಮನೇಲಿ ಹುಳ ಸಾಕ್ತೀವಿ" ಎಂದರು. ಆಮೇಲೆ ಬೆತ್ತದ ಕುರ್ಚಿಯ ಕಡೆ ತಿರುಗಿ ಅತ್ತೆಯನ್ನೊಮ್ಮೆ ನೋಡಿ, ಸಣ್ಣ ದನಿಯಲ್ಲಿ, "ಅವ್ವಾರ್ಗೋಸ್ಕರ ನೋಡುದ್ರಾ?" ಎಂದು ಕೇಳಿದರು.

"ಹೂಂ ಕಣಪ್ಪ" ಎಂದರು ಮಾವ. ಮುಖ ಅರಳಿತ್ತು. "ಏಳ್ ನಿಮ್ಸಕ್ಕೆ ಹುಳ ಬದ್ಕೈತೆ. ಇವ್ಳುನ್ನ ಐದ್ ನಿಮ್ಸ ಬುಡ್ಬೋದು. ಬಾಗ್ಲತ್ರದ್ದು ಚೆನ್ನಾಗ್ ಆಡ್ತೈತೆ ನೋಡು, ಇವ್ಳು ಅಲ್ಲೇ ಕುಂತ್ಕಳ್ಲಿ. ಮೇಲಕ್ ಮಾತ್ರ ಹತ್ತಾದ್ ಬ್ಯಾಡ."

ನಾನು ಪೆಚ್ಚಾದೆ. ಆದರೂ ಸಿಟ್ಟಿನ ವೇಗ ಪೂರ್ತಿ ಇಳಿದಿರಲಿಲ್ಲ. "ಅದಕ್ಕೆ ಮಾರುಕಟ್ಟೆಯಿಂದ ಗೂಡು ಹೊತ್ತುಕೊಂಡು ಬರಬೇಕಿತ್ತೇ ಮಾವ? ನಿಮ್ಮ ಕೈ ಇತ್ತಲ್ಲ, ಲೋಕದ ಕಾಫಿಗೆಲ್ಲ ಅದ್ದುವ ಕೈ!" ಎಂದೆ.

ಮಾವ ಹುಳವನ್ನು ಜೋಪಾನವಾಗಿ ಕರ್ಚೀಫಿನ ಮೇಲೆ ಇಟ್ಟು, ಎರಡೂ ಅಂಗೈಯನ್ನು ನನ್ನ ಮುಂದೆ ಚಾಚಿದರು. ನಾನು ಯಾವತ್ತೂ ಸರಿಯಾಗಿ ನೋಡಿರಲಿಲ್ಲ. ಬೆರಳ ತುದಿಗಳು ನುಣ್ಣಗೆ, ಬೆಳ್ಳಗೆ, ಗೆರೆಯೇ ಇಲ್ಲದೆ ಹೊಳೆಯುತ್ತಿದ್ದವು.

"ಇದ್ಕೆ ಬಿಸಿ ಗೊತ್ತಾಗದ್ ನಿಂತೋಗಿ ಹತ್ ವರ್ಸ ಆಯ್ತು ಕಣ್ಲಾ" ಎಂದರು. "ಬಿಸಿ ಬುಟ್ಟಿ ಎತ್ತಿ ಎತ್ತಿ ಅರ್ಧ ಹೋಯ್ತು. ಮಿಕ್ಕಿದ್ನ ಸಕ್ಕರೆ ಕಾಯ್ಲೆ ತಿಂದಾಕ್ತು ಅಂತಾರೆ ಡಾಕ್ಟ್ರು. ಯಾರ್ಗೂ ಹೇಳ್ಲಿಲ್ಲ. ಬಿಸಿ ಕೋಣೆ ನಡ್ಸ್ದೋನ್ಗೆ ಬಿಸೀನೇ ಗೊತ್ತಾಗಲ್ಲ ಅಂದ್ರೆ ಜನ ನಗಾಕಿಲ್ವಾ? ಕಾಫೀಗೆ, ಗೀಸರ್ಗೆ ಏನೋ ಒಂದ್ ಹೇಳಿ ದಬಾಯ್ಸ್ಬೋದು. ಇವ್ಳ್ ಉಸ್ರಿನ್ ವಿಸ್ಯದಾಗೆ ಅಂದಾಜ್ ಮೇಲ್ ಹೇಳಕ್ ಆಯ್ತದಾ?"

ಮಂಜಾದ ಕನ್ನಡಿಯ ಮುಂದೆ, ಕುದಿಯುವ ನಲ್ಲಿಯ ಕೆಳಗೆ ನಿರಾಳವಾಗಿ ನಿಂತಿದ್ದ ಆ ಕೈ ನೆನಪಾಯಿತು. ಅವತ್ತು ಅದು ಸುಡುತ್ತಿತ್ತು! ನಾನು ಪಕ್ಕದಲ್ಲೇ ನಿಂತು ಗೀಸರಿನ ಮರ್ಯಾದೆಗೆ ಅಳುತ್ತಿದ್ದೆ. ನನ್ನ ಮಗಳ ಹಣೆಗೆ ಒತ್ತಿದ ಕೆನ್ನೆ ನೆನಪಾಯಿತು. ನಾಲ್ಕು ಚೊಂಬು ತಣ್ಣೀರೂ ನೆನಪಾಗಿ ಅತ್ತೆಯ ಕಡೆ ನೋಡಿದೆ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದೆ ಎಂದು ಗಂಡನಿಗೆ ತಿಳಿಯದಂತೆ ಹತ್ತು ವರ್ಷ ನೀರು ಬೆರೆಸಿದ್ದರು. ಸೇಡು ಎಂದು ನಗಾಡಿದವನು ನಾನು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಅತ್ತೆ ಕುರ್ಚಿಯಿಂದ ಎದ್ದರು. "ಈಗ ಹೋಗ್ಲಾ?" ಎಂದರು, ಏನೂ ಕೇಳಿಸಿಕೊಳ್ಳದವರ ಹಾಗೆ.

ಮಾವ ಬಾಗಿಲು ತೆರೆದು, ತಾವೇ ಟವೆಲ್ಲು ಹಾಸಿ, ಬಾಗಿಲ ಹತ್ತಿರದ ಜಾಗದಲ್ಲಿ ಅವರನ್ನು ಕೂರಿಸಿದರು. ಹೊರಗೆ ಬಂದು ಹಿಡಿಕೆಯ ಮೇಲೆ ಕೈ ಇಟ್ಟು ಗಾಜಿಗೆ ಮೂಗು ಒತ್ತಿಕೊಂಡು ನಿಂತರು. ಐದು ನಿಮಿಷ ಹಿಡಿಕೆ ಬಿಡಲಿಲ್ಲ. ಮೈಯೆಲ್ಲ ಬೆವರು, ಸೊಂಟಕ್ಕೆ ಒದ್ದೆ ಬಟ್ಟೆ ಸುತ್ತಿದ ತಾಯಿತ. "ಉಸ್ರು ಎಂಗೈತೆ?" ಎಂದು ಗಾಜಿನ ಮೇಲೆಯೇ ಕೂಗುವುದು. ಅತ್ತೆ ಒಳಗಿಂದ ಸುಮ್ಮನಿರಿ ಎಂದು ಕೈ ಬೀಸುವುದು. ಒಳಗೆ ಮಾತಾಡಬಾರದು ಎನ್ನುವ ನಿಯಮವನ್ನು ಕೂಟಗಲ್ಲಿನ ಆ ಮೀಸೆಯವರು ಆವತ್ತು ಯಾರಿಗೂ ನೆನಪಿಸಲಿಲ್ಲ. ನಾನು ಮಾತ್ರ ಗಾಜಿನಾಚೆಯ ಮರಳಿನ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಅಷ್ಟು ನಿಧಾನವಾಗಿ ಇಳಿಯುವ ಮರಳನ್ನು ನಾನು ಬೇರೆಲ್ಲೂ ನೋಡಿಲ್ಲ.

ಐದಾಗುತ್ತಲೇ ಬಾಗಿಲು ತೆರೆದರು. ಅತ್ತೆ ಹೊರಗೆ ಬಂದರು. ಮುಖ ಕೆಂಪಗಾಗಿ, ಹಣೆಯ ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. ಉಸಿರು ಸರಾಗವಾಗಿತ್ತು. ಕೂಟಗಲ್ಲಿನವರು ಒಂದು ಲೋಟ ನೀರು ತಂದು ಚಾಚಿದರು. ಅತ್ತೆ ಬಲಗೈ ಒಂದನ್ನೇ ಮುಂದೆ ಮಾಡಿದರು. ಬೆರಳುಗಳು ನಿಧಾನವಾಗಿ ಬಿಚ್ಚಿಕೊಂಡು, ಲೋಟವನ್ನು ಸುತ್ತಿ ಹಿಡಿದವು. ಒಂದೇ ಕೈಯಲ್ಲಿ ಎತ್ತಿ ಪೂರ್ತಿ ಕುಡಿದರು.

ಲೋಟ ವಾಪಸ್ಸು ಕೊಟ್ಟು ಮಾವನ ಕಡೆ ತಿರುಗಿ, "ಎಂಗೈತೆ ನೋಡಿ ಬಿಸಿ" ಎಂದು ಆ ಕೈಯನ್ನು ಚಾಚಿದರು.

ಮಾವ ಅಭ್ಯಾಸಬಲದಿಂದ ತಮ್ಮ ಕೈ ಮುಂದೆ ಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ನಾಲ್ಕು ಜನರ ಮುಂದೆ ಹೆಂಡತಿಯ ಪಕ್ಕದಲ್ಲಿ ಕೂತು ಊಟ ಮಾಡಲೂ ನಾಚುವ ಮನುಷ್ಯರು ಅವರು. ಆವತ್ತು ನನ್ನನ್ನೂ, ಕೂಟಗಲ್ಲಿನವರನ್ನೂ, ದೂರದಲ್ಲಿ ನಿಂತು ಇನ್ನೂ ನಡುಗುತ್ತಿದ್ದ ಆ ದಪ್ಪನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಬಗ್ಗಿ, ಅತ್ತೆಯ ಅಂಗೈಗೆ ತಮ್ಮ ಕೆನ್ನೆ ಒತ್ತಿದರು. ಹಾಗೇ ಸ್ವಲ್ಪ ಹೊತ್ತು ಇದ್ದರು. ಗಡ್ಡದ ಮೇಲೆ ಇಳಿಯುತ್ತಿದ್ದದ್ದು ಬೆವರೇ ಇರಬೇಕು ಎಂದು ನಾನು ಈ ಕಡೆ ತಿರುಗಿಕೊಂಡೆ.

"ಸರಿಯಾಗೈತೆ ಕಣಮ್ಮಿ" ಎಂದರು ಮಾವ.